ಅಂಗಡಿಯಲ್ಲಿ ಸ್ಟೀಮ್ ಲಾಗಿನ್ ಆಗುತ್ತದೆ, ಮನೆಗೆ ತಂದರೆ ಆಗಲ್ಲ (ದಾವಣಗೆರೆ) – ಪರಿಹಾರ ಸಿಕ್ಕಿದೆ

ಮಿರ್ಚಿ ಮಂಡಕ್ಕಿ · ಸೋಮವಾರ ರಾತ್ರಿ 9:52

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಕೂತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನದು ಸೆಕೆಂಡ್ ಹ್ಯಾಂಡ್ ಪಿಸಿ, ವಿಂಡೋಸ್ 10. ಮನೆ ನಿಟ್ಟುವಳ್ಳಿ ಕಡೆ. ಫೈಬರ್ ನೆಟ್ ಇದೆ, 100 ಎಂಬಿಪಿಎಸ್. ಸ್ಟೀಮ್ (ಪಿಸಿ ಗೇಮ್ ಕೊಂಡು ಆಡುವ ಆ್ಯಪ್) ತೆರೆದರೆ ಚಕ್ರ ತಿರುಗುತ್ತಲೇ ಇರುತ್ತದೆ. ಆಮೇಲೆ ನೆಟ್‌ವರ್ಕ್‌ಗೆ ಕನೆಕ್ಟ್ ಆಗಲಿಲ್ಲ ಅನ್ನುತ್ತದೆ. ಎರಡು ವಾರದಿಂದ ಇದೇ ಕಥೆ.

ಪಿಸಿಯನ್ನು ಬೈಕ್ ಮೇಲೆ ಇಟ್ಟುಕೊಂಡು ರಿಪೇರಿ ಅಂಗಡಿಗೆ ಒಯ್ದೆ. 600 ರೂಪಾಯಿ ತೆಗೆದುಕೊಂಡು ವಿಂಡೋಸ್ ಹೊಸದಾಗಿ ಹಾಕಿದರು. 80 ಜಿಬಿ ಗೇಮ್ ಹೋಯಿತು. ಹೋಗಲಿ, ಅಲ್ಲಿ ನನ್ನ ಕಣ್ಣೆದುರೇ ಲಾಗಿನ್ ಆಯಿತು. ಮನೆಗೆ ತಂದು ಹಾಕಿದರೆ ಮತ್ತೆ ಅದೇ ಚಕ್ರ! ಇನ್ನೊಂದು ಸಲ ಒಯ್ದೆ. ಐದು ನಿಮಿಷ ಏನೋ ಮಾಡಿದರು, ಆಯಿತು. ‘ಪಿಸಿ ಚೆನ್ನಾಗಿದೆ, ನಿಮ್ಮ ಮನೆ ನೆಟ್ ಸರಿ ಇಲ್ಲ’ ಅಂದರು. ನೆಟ್‌ನವರನ್ನು ಕರೆಸಿದೆ. ರೂಟರ್ ಬದಲಿಸಿ, ಮೊಬೈಲಲ್ಲಿ ಯೂಟ್ಯೂಬ್ ಓಡಿಸಿ ತೋರಿಸಿ, ‘ನೆಟ್ ಚೆನ್ನಾಗಿದೆ, ನಿಮ್ಮ ಪಿಸಿ ಸರಿ ಇಲ್ಲ’ ಅಂದು ಹೋದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಆ ಕೂಸು ನಾನು.

ಏನು ಮಾಡಲಿ?

ಪೇಟೆ ಪ್ಲೇಯರ್ · ಸೋಮವಾರ ರಾತ್ರಿ 10:05

ಡಿಎನ್‌ಎಸ್ (ಸೈಟ್ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸರ್ವರ್) 8.8.8.8 ಅಥವಾ 1.1.1.1 ಹಾಕಿ ನೋಡಿ. ಡೌನ್‌ಲೋಡ್ ರೀಜನ್ (ಸ್ಟೀಮ್ ಗೇಮ್ ಇಳಿಸಿಕೊಳ್ಳುವ ಊರು) ಮುಂಬೈ ಇದ್ದರೆ ಚೆನ್ನೈ ಮಾಡಿ. ನನಗೆ ಸರಿಯಾಗಿತ್ತು.

ಮಿರ್ಚಿ ಮಂಡಕ್ಕಿ · ಸೋಮವಾರ ರಾತ್ರಿ 10:31

ಡಿಎನ್‌ಎಸ್ ಎರಡೂ ಹಾಕಿದೆ, ಆಗಲಿಲ್ಲ. ಲಾಗಿನ್ನೇ ಆಗದೆ ರೀಜನ್ ಬದಲಿಸುವುದು ಹೇಗೆ ಗುರೂ?

ಎರಡನೇ ಪಾಳಿ · ಸೋಮವಾರ ರಾತ್ರಿ 11:40

ಈಗಷ್ಟೇ ಡ್ಯೂಟಿ ಮುಗಿಸಿ ಬಂದೆ. ನೆಟ್‌ವರ್ಕ್ ಕೆಲಸವೇ ನನ್ನ ಹೊಟ್ಟೆಪಾಡು, ಆದ್ದರಿಂದ ನನ್ನ ಅನುಮಾನ ಮೊದಲು ಲೈನ್ ಮೇಲೇ. ಡೌನ್‌ಲೋಡ್ ರೀಜನ್‌ಗೂ ಲಾಗಿನ್‌ಗೂ ಸಂಬಂಧ ಇಲ್ಲ, ಅದನ್ನು ಬಿಡಿ. ಇನ್ನೊಂದು ಸಲ ವಿಂಡೋಸ್ ಹಾಕಿಸಲೂ ಬೇಡಿ. ಸ್ಟೀಮ್ ಕೆಟ್ಟಿದೆ ಅನ್ನಿಸಿದರೆ ಅದರ ಫೋಲ್ಡರ್‌ನಲ್ಲಿ ‘ಸ್ಟೀಮ್‌ಆ್ಯಪ್ಸ್’, ‘ಯೂಸರ್‌ಡೇಟಾ’ ಮತ್ತು ‘ಸ್ಟೀಮ್ ಡಾಟ್ ಇಎಕ್ಸ್‌ಇ’ ಮೂರನ್ನು ಉಳಿಸಿ ಉಳಿದದ್ದು ಅಳಿಸಿ, ಮತ್ತೆ ತೆರೆದರೆ ಸಾಕು. ಗೇಮ್ ಎಲ್ಲಾ ಇರುವುದು ಸ್ಟೀಮ್‌ಆ್ಯಪ್ಸ್‌ನಲ್ಲಿ. ನಿಮ್ಮ 80 ಜಿಬಿ ಸುಮ್ನೆ ಹೋಯಿತು.

ಈಗ ಮೂರು ಕೆಲಸ ಮಾಡಿ.

ಮೊದಲು ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ ಪಿಸಿಯನ್ನು ಅದಕ್ಕೆ ಸೇರಿಸಿ ನೋಡಿ. ವೈಫೈ ಇಲ್ಲದ ಪಿಸಿ ಆದರೆ ಯುಎಸ್‌ಬಿ ಕೇಬಲ್ ಹಾಕಿ ಟೆದರಿಂಗ್ ಮಾಡಿ. ಹಾಟ್‌ಸ್ಪಾಟ್‌ನಲ್ಲಿ ಬಂದರೆ ತಪ್ಪು ಫೈಬರ್ ಲೈನ್‌ನದು. ಅಲ್ಲೂ ಬರದಿದ್ದರೆ ಪಿಸಿಯದು. ಇಷ್ಟನ್ನು ಅಂಗಡಿಯವರೋ ನೆಟ್‌ನವರೋ ಮೊದಲ ದಿನವೇ ಮಾಡಿದ್ದರೆ ನಿಮ್ಮ ಪೆಟ್ರೋಲ್ ಉಳಿಯುತ್ತಿತ್ತು.

ಆಮೇಲೆ ಕಮಾಂಡ್ ಪ್ರಾಂಪ್ಟ್ ತೆರೆದು 8.8.8.8ಗೆ ಪಿಂಗ್ ಕೊಡಿ, ಅಂದರೆ ಒಂದು ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದಾ ನೋಡಿ. ಮೈನಸ್ ಎಫ್ (ಪ್ಯಾಕೆಟ್ ತುಂಡು ಮಾಡಬೇಡ ಅಂತ), ಮೈನಸ್ ಎಲ್ 1464 (ಅದರ ಗಾತ್ರ) ಸೇರಿಸಿ. ಫೈಬರ್‌ನಲ್ಲಿ ಪಿಪಿಪಿಒಇ (ರೂಟರ್ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲೈನ್ ಸೇರುವ ವಿಧಾನ) ಇದ್ದರೆ ಪ್ಯಾಕೆಟ್ ಗಾತ್ರ 1492 ಬೈಟ್ ಮೀರುವಂತಿಲ್ಲ. ಹೆಡರ್‌ನ 28 ಕಳೆದರೆ 1464. ಅದೂ ದಾಟದಿದ್ದರೆ ಸಣ್ಣ ಪುಟ ತೆರೆಯುತ್ತದೆ, ಲಾಗಿನ್ ಮಾತ್ರ ನೇತಾಡುತ್ತದೆ. ಈ ರೋಗ ನಾನು ತುಂಬಾ ನೋಡಿದ್ದೇನೆ.

ಕೊನೆಗೆ ರೂಟರ್ ಪುಟದಲ್ಲಿ ವ್ಯಾನ್ ಐಪಿ (ನೆಟ್‌ನವರು ನಿಮ್ಮ ರೂಟರ್‌ಗೆ ಕೊಟ್ಟ ವಿಳಾಸ) ಏನಿದೆ ನೋಡಿ. 100.64ರಿಂದ 100.127ರ ಒಳಗಿದ್ದರೆ, ಒಂದೇ ಹೊರಗಿನ ವಿಳಾಸವನ್ನು ನೀವೂ ಇನ್ನೆಷ್ಟೋ ಮನೆಯವರೂ ಹಂಚಿಕೊಂಡಿದ್ದೀರಿ ಅಂತ ಅರ್ಥ.

ಮಿರ್ಚಿ ಮಂಡಕ್ಕಿ · ಮಂಗಳವಾರ ಸಂಜೆ 6:20

ಮಾಡಿದೆ. ಹಾಟ್‌ಸ್ಪಾಟ್‌ನಲ್ಲೂ ಬರಲಿಲ್ಲ. ಪಿಂಗ್ 1464 ಆರಾಮಾಗಿ ಹೋಗುತ್ತದೆ. ವ್ಯಾನ್ ಐಪಿ 100.72 ಅಂತ ಶುರುವಾಗುತ್ತದೆ.

ಎರಡನೇ ಪಾಳಿ · ಮಂಗಳವಾರ ಸಂಜೆ 6:48

ಹಾಗಾದರೆ ನನ್ನ ಅನುಮಾನ ತಪ್ಪು. ಲೈನ್ ಚೆನ್ನಾಗಿದೆ. ಪಿಸಿ ಒಳಗೇ ಏನೋ ಇದೆ. ಆದರೆ ಅಂಗಡಿಯಲ್ಲಿ ಹೇಗೆ ಬಂತು? ಅದೇ ನನಗೆ ತಲೆಗೆ ಹೋಗುತ್ತಿಲ್ಲ.

ಹಳೇ ಮದರ್‌ಬೋರ್ಡ್ · ಮಂಗಳವಾರ ರಾತ್ರಿ 8:15

ಎರಡೇ ಪ್ರಶ್ನೆ. ನೋಡಿಯೇ ಉತ್ತರ ಬರೆಯಿರಿ, ನೆನಪಿನಿಂದ ಬೇಡ.

ಒಂದು: ಅದೇ ಪಿಸಿಯ ಬ್ರೌಸರ್‌ನಲ್ಲಿ ಯಾವುದಾದರೂ ಪೇಪರ್‌ನ ವೆಬ್‌ಸೈಟ್ ತೆರೆಯಿರಿ. ಏನು ಬರುತ್ತದೆ? ‘ಎರರ್ ಬಂತು’ ಅಂದರೆ ಸಾಲದು, ಅಕ್ಷರ ಅಕ್ಷರ ಬೇಕು.

ಎರಡು: ಪವರ್ ಬಟನ್ ಒತ್ತಿದ ಮೇಲೆ, ವಿಂಡೋಸ್ ಬರುವ ಮುಂಚೆ, ಪರದೆ ಮೇಲೆ ಏನಾದರೂ ಕಾಣುತ್ತದಾ?

ಮಿರ್ಚಿ ಮಂಡಕ್ಕಿ · ಮಂಗಳವಾರ ರಾತ್ರಿ 8:44

ಬ್ರೌಸರ್‌ನಲ್ಲಿ ಕೆಂಪು ಗುರುತು ಬಂದು ಕನೆಕ್ಷನ್ ಪ್ರೈವೇಟ್ ಅಲ್ಲ ಅನ್ನುತ್ತದೆ. ಕೆಳಗೆ ಸಣ್ಣದಾಗಿ ‘ಎರರ್ ಸರ್ಟ್ ಡೇಟ್ ಇನ್‌ವ್ಯಾಲಿಡ್’. ವೈರಸ್ ಇರಬೇಕು ಅಂದುಕೊಂಡು ನಾನು ಪಿಸಿಯಲ್ಲಿ ಬ್ರೌಸರ್ ಮುಟ್ಟುವುದನ್ನೇ ಬಿಟ್ಟಿದ್ದೆ. ಎಲ್ಲಾ ಮೊಬೈಲಲ್ಲೇ ನೋಡಿಕೊಳ್ಳುತ್ತೇನೆ.

ಬಟನ್ ಒತ್ತಿದರೆ ಕಪ್ಪು ಪರದೆ ಮೇಲೆ ಸಿಮೋಸ್ ಏನೋ, ಎಫ್1 ಒತ್ತಿ ಅಂತ ಬರುತ್ತದೆ. ದಿನಾ ಬೆಳಿಗ್ಗೆ ಒತ್ತುತ್ತೇನೆ. ಸ್ವಲ್ಪ ದಿನದಿಂದ ಹಾಗೇ ಇದೆ, ಅದು ಇದಕ್ಕೆ ಸಂಬಂಧ ಇಲ್ಲ ಅಂತ ಬರೆಯಲಿಲ್ಲ.

ಹಳೇ ಮದರ್‌ಬೋರ್ಡ್ · ಮಂಗಳವಾರ ರಾತ್ರಿ 8:47

ಪರದೆಯ ಬಲಗಡೆ ಕೆಳಮೂಲೆಯಲ್ಲಿ ತಾರೀಖು ಎಷ್ಟು?

ಮಿರ್ಚಿ ಮಂಡಕ್ಕಿ · ಮಂಗಳವಾರ ರಾತ್ರಿ 8:49

ಟೈಮ್ ಯಾವಾಗಲೂ ತಪ್ಪೇ ತೋರಿಸುತ್ತದೆ, ಅದರ ಕಡೆ ನೋಡುವುದೇ ಇಲ್ಲ. ತಡೆಯಿರಿ.

ಜನವರಿ 1, 2017.

ಅಯ್ಯೋ.

ಹಳೇ ಮದರ್‌ಬೋರ್ಡ್ · ಮಂಗಳವಾರ ರಾತ್ರಿ 9:20

ಸಿಕ್ಕಿತು. ನಿಮ್ಮ ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇದೆ, ಸಿಆರ್2032 ಅಂತ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಹೆಸರಲ್ಲೇ ಅಳತೆ ಇದೆ ನೋಡಿ. ಪಿಸಿಗೆ ಕರೆಂಟ್ ಇಲ್ಲದಾಗ ಒಳಗಿನ ಗಡಿಯಾರವನ್ನು ಓಡಿಸುವುದು, ಸಿಮೋಸ್ ಅನ್ನುವ ಪುಟ್ಟ ಮೆಮೊರಿಯಲ್ಲಿನ ಸೆಟ್ಟಿಂಗ್ ಉಳಿಸುವುದು ಅದರ ಕೆಲಸ. ಅದು ಸತ್ತಿದೆ. ಪ್ಲಗ್ ತೆಗೆದ ತಕ್ಷಣ ಗಡಿಯಾರ ಬೋರ್ಡ್ ಕಂಪನಿ ಬರೆದಿಟ್ಟ ಮೊದಲ ತಾರೀಖಿಗೆ ಹೋಗಿ ಕೂರುತ್ತದೆ. ನಿಮ್ಮದರಲ್ಲಿ ಅದು 2017.

ತಾರೀಖಿಗೂ ಲಾಗಿನ್‌ಗೂ ಏನು ಸಂಬಂಧ ಅಂದರೆ, ಸ್ಟೀಮ್ ಆಗಲಿ ಬ್ಯಾಂಕ್ ಆಗಲಿ, ಕನೆಕ್ಟ್ ಆಗುವಾಗ ಆ ಕಡೆಯ ಸರ್ವರ್ ತನ್ನ ಸರ್ಟಿಫಿಕೇಟ್ ತೋರಿಸುತ್ತದೆ. ಬಸ್ ಪಾಸ್ ಇದ್ದ ಹಾಗೆ. ಇಂಥ ದಿನದಿಂದ ಇಂಥ ದಿನದ ತನಕ ಅಂತ ಅದರ ಮೇಲೆ ಬರೆದಿರುತ್ತದೆ. ಈಗಿನ ಸರ್ಟಿಫಿಕೇಟ್‌ಗಳಿಗೆ ಎರಡು ವರ್ಷದ ಆಯುಷ್ಯ ಕೂಡ ಇಲ್ಲ. ನಿಮ್ಮ ಪಿಸಿ 2017ರಲ್ಲಿ ನಿಂತು ಅದನ್ನು ನೋಡಿ, ‘ಈ ಪಾಸ್ ಇನ್ನೂ ಶುರುವೇ ಆಗಿಲ್ಲವಲ್ಲ, ಇದು ನಕಲಿ’ ಅಂದು ಬಾಗಿಲು ಹಾಕಿಕೊಳ್ಳುತ್ತದೆ. ಹಾಕಿಕೊಳ್ಳಲೇಬೇಕು, ಸುರಕ್ಷತೆ ಅಂದರೆ ಅದೇ. ಸ್ಟೀಮ್ ತಪ್ಪು ಇಲ್ಲ, ಲೈನ್ ತಪ್ಪೂ ಇಲ್ಲ.

ಅಂಗಡಿಯ ಗುಟ್ಟೂ ಇದೇ. ಅಲ್ಲಿ ಪಿಸಿ ಆನ್ ಮಾಡಿದವರು ತಾರೀಖು ತಪ್ಪಿದೆ ಅಂತ ಕೈಯಾರೆ ಸರಿಮಾಡಿರುತ್ತಾರೆ. ಎಲ್ಲಾ ಓಡುತ್ತದೆ. ನೀವು ಪ್ಲಗ್ ಕಿತ್ತು ಬೈಕ್ ಮೇಲೆ ಇಟ್ಟಿರಿ, ಮನೆ ಮುಟ್ಟುವಷ್ಟರಲ್ಲಿ ಮತ್ತೆ 2017. ಅವರು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು, ಅಲ್ವಾ?

ಈಗಲೇ ತಾರೀಖು, ಟೈಮ್ ಸರಿಮಾಡಿ. ಟೈಮ್ ಜೋನ್ ಭಾರತದ್ದೇ ಇದೆಯಾ, ಅಂದರೆ ಯುಟಿಸಿ ಪ್ಲಸ್ 5:30, ಅದನ್ನೂ ನೋಡಿ. ಆಮೇಲೆ ಸ್ಟೀಮ್ ತೆರೆಯಿರಿ.

ಮಿರ್ಚಿ ಮಂಡಕ್ಕಿ · ಮಂಗಳವಾರ ರಾತ್ರಿ 9:38

ಅಣ್ಣಾ, ಕನೆಕ್ಟ್ ಆಯಿತು! ಎರಡು ವಾರ ಆದಮೇಲೆ ಪಾಸ್‌ವರ್ಡ್ ಕೇಳುತ್ತಿದೆ! ಆದರೆ ಪಾಸ್‌ವರ್ಡ್ ಹಾಕಿದರೆ, ನಿಮ್ಮ ನೆಟ್‌ವರ್ಕ್‌ನಿಂದ ತುಂಬಾ ಸಲ ಲಾಗಿನ್ ವಿಫಲವಾಗಿದೆ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಅನ್ನುತ್ತಿದೆ.

ಇನ್ನೊಂದು ಡೌಟ್. ‘ಟೈಮ್ ತಾನೇ ಸೆಟ್ ಮಾಡು’ ಅನ್ನುವುದು ಆನ್ ಇದೆಯಲ್ಲ? ವಿಂಡೋಸ್ ಯಾಕೆ ಸರಿಮಾಡಿಕೊಳ್ಳಲಿಲ್ಲ?

ಎರಡನೇ ಪಾಳಿ · ಮಂಗಳವಾರ ರಾತ್ರಿ 9:45

ಈ ಎರರ್ ನನ್ನ ಖಾತೆಗೆ ಬಿಡಿ. ಎರಡು ವಾರದಲ್ಲಿ ಮೊಬೈಲಿಂದ ಏನಾದರೂ ಪ್ರಯತ್ನ ಮಾಡಿದ್ದೀರಾ?

ಮಿರ್ಚಿ ಮಂಡಕ್ಕಿ · ಮಂಗಳವಾರ ರಾತ್ರಿ 9:47

ಹೌದು. ಪಾಸ್‌ವರ್ಡ್ ಮರೆತಿರಬೇಕು ಅಂತ ಮೊಬೈಲ್ ಬ್ರೌಸರ್‌ನಲ್ಲಿ ಹಳೇದು, ಹೊಸದು ಎಲ್ಲಾ ಹಾಕಿ ನೋಡಿದೆ. ಇವತ್ತು ಸಂಜೆನೂ ಏಳೆಂಟು ಸಲ. ಮನೆ ವೈಫೈನಲ್ಲೇ.

ಎರಡನೇ ಪಾಳಿ · ಮಂಗಳವಾರ ರಾತ್ರಿ 9:55

ಅದೇ. ಪಾಸ್‌ವರ್ಡ್ ಕದಿಯುವವರನ್ನು ತಡೆಯಲು ಇರುವ ಬೀಗ ಅದು. ಲೆಕ್ಕ ಇಡುವುದು ಐಪಿ ವಿಳಾಸದ ಮೇಲೆ. ನಿಮ್ಮದು ಹಂಚಿಕೊಂಡ ವಿಳಾಸ, ಹಾಗಾಗಿ ನಿಮ್ಮ ಬೀದಿಯ ಇನ್ನೊಬ್ಬ ಹುಡುಗ ತಪ್ಪು ಪಾಸ್‌ವರ್ಡ್ ಒತ್ತಿದರೂ ನಿಮ್ಮ ಲೆಕ್ಕಕ್ಕೇ ಸೇರಬಹುದು. ಮತ್ತೆ ಮತ್ತೆ ಒತ್ತಿದರೆ ಕಾಯುವುದು ಜಾಸ್ತಿಯಾಗುತ್ತದೆ. ಇವತ್ತು ಕೈ ಕಟ್ಟಿ ಕೂತುಬಿಡಿ. ತಡೆಯಲಾಗದಿದ್ದರೆ ಹಾಟ್‌ಸ್ಪಾಟ್‌ನಿಂದ ಒಂದೇ ಒಂದು ಸಲ ಸರಿಯಾದ ಪಾಸ್‌ವರ್ಡ್ ಹಾಕಿ, ಅದರ ವಿಳಾಸ ಬೇರೆ. ಬೆಳಗಿನ ಜಾವ ಎದ್ದು ನೋಡುತ್ತೇನೆ ಅನ್ನಬೇಡಿ, ಸ್ಟೀಮ್‌ನ ವಾರದ ಮೆಂಟೆನೆನ್ಸ್ ಅಮೆರಿಕದ ಮಂಗಳವಾರ, ಅಂದರೆ ನಮಗೆ ಬುಧವಾರ ನಸುಕಿಗೆ ಬೀಳುತ್ತದೆ.

ಹಳೇ ಮದರ್‌ಬೋರ್ಡ್ · ಮಂಗಳವಾರ ರಾತ್ರಿ 10:10

ವಿಂಡೋಸ್ ಟೈಮ್ ಬಗ್ಗೆ ಕೇಳಿದಿರಲ್ಲ. ನಾನೂ ಮೊದಲು ಇಲ್ಲೇ ಎಡವಿದ್ದೆ. ವಿಂಡೋಸ್ ನೆಟ್‌ನಿಂದ ಟೈಮ್ ತರುತ್ತದೆ, ನಿಜ. ಆದರೆ ಅದಕ್ಕೆ ಒಂದು ಮಿತಿ ಇದೆ. ಮನೆ ಪಿಸಿಯಲ್ಲಿ ಸಾಮಾನ್ಯವಾಗಿ ಅದು 54,000 ಸೆಕೆಂಡು, ಅಂದರೆ 15 ಗಂಟೆ. ಗಡಿಯಾರ ಹತ್ತು ನಿಮಿಷ ಹಿಂದಿದ್ದರೆ ಸದ್ದಿಲ್ಲದೆ ಸರಿಮಾಡುತ್ತದೆ. 15 ಗಂಟೆಗಿಂತ ಜಾಸ್ತಿ ವ್ಯತ್ಯಾಸ ಕಂಡರೆ, ಟೈಮ್ ಹೇಳಿದವನೇ ಸುಳ್ಳ ಇರಬೇಕು ಅಂದುಕೊಂಡು ಕೈ ಹಾಕುವುದಿಲ್ಲ. ನಿಮ್ಮದು ವರ್ಷಗಟ್ಟಲೆ ವ್ಯತ್ಯಾಸ.

ಬ್ಯಾಟರಿ ಹಾಕುವುದು ಹೀಗೆ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಇಳಿಯಲಿ. ಕೇಸ್‌ನ ಕಬ್ಬಿಣ ಒಮ್ಮೆ ಮುಟ್ಟಿ. ಗ್ರಾಫಿಕ್ಸ್ ಕಾರ್ಡ್ ಅಡಿಯಲ್ಲಿ ಅಡಗಿರಬಹುದು, ಹುಡುಕಿ. ಪಕ್ಕದ ಕೊಕ್ಕೆ ಮೆಲ್ಲಗೆ ಸರಿಸಿದರೆ ಮೇಲೆದ್ದು ಬರುತ್ತದೆ. ಪ್ಲಸ್ ಗುರುತು ಮೇಲೆ ಬರುವ ಹಾಗೆ ಹೊಸದು ಕೂರಿಸಿ. ಆಮೇಲೆ ಬಯಾಸ್‌ಗೆ (ವಿಂಡೋಸ್ ಬರುವ ಮುಂಚಿನ ಮದರ್‌ಬೋರ್ಡ್ ಸೆಟ್ಟಿಂಗ್ ಪುಟ) ಹೋಗಿ ತಾರೀಖು ಹಾಕಿ ಸೇವ್ ಮಾಡಿ. ಅಲ್ಲಿ ಸಾಟಾ ಮೋಡ್ (ಡಿಸ್ಕ್ ಜೊತೆ ಮಾತಾಡುವ ರೀತಿ) ಮಾತ್ರ ಗೊತ್ತಿಲ್ಲದೆ ಬದಲಿಸಬೇಡಿ, ವಿಂಡೋಸ್ ಏಳುವುದೇ ಇಲ್ಲ.

ಮಿರ್ಚಿ ಮಂಡಕ್ಕಿ · ಬುಧವಾರ ಬೆಳಿಗ್ಗೆ 8:05

ಬೆಳಿಗ್ಗೆ ಆನ್ ಮಾಡಿದೆ. ಎಫ್1. ಜನವರಿ 1, 2017. ಮತ್ತೆ!

ಯಾಕೆ ಅಂತಲೂ ಗೊತ್ತಾಯಿತು. ಅಮ್ಮ ಮಲಗುವ ಮುಂಚೆ ಮನೆಯ ಸ್ವಿಚ್‌ಗಳನ್ನೆಲ್ಲಾ ಆಫ್ ಮಾಡಿಕೊಂಡು ಬರುತ್ತಾರೆ. ಟಿವಿ, ಮಿಕ್ಸಿ, ನನ್ನ ಪಿಸಿ. ಕೇಳಿದರೆ, ‘ಬಿಲ್ ನೀನು ಕಟ್ಟುತ್ತೀಯಾ?’

ದುರ್ಗದ ಗಾಳಿ · ಬುಧವಾರ ಮಧ್ಯಾಹ್ನ 1:30

ಮಧ್ಯೆ ಬರುತ್ತಿದ್ದೇನೆ, ಚಿತ್ರದುರ್ಗದಿಂದ. ನನಗೂ ಸ್ಟೀಮ್ ಬರುತ್ತಿಲ್ಲ. ಇದನ್ನು ಓದಿ ತಾರೀಖು ನೋಡಿದೆ, ಸರಿಯಾಗಿದೆ. ಅಪ್ಪನ ಅಂಗಡಿಯ ಹಳೇ ಪಿಸಿ, ವಿಂಡೋಸ್ 7.

ಹಳೇ ಮದರ್‌ಬೋರ್ಡ್ · ಬುಧವಾರ ಮಧ್ಯಾಹ್ನ 1:42

ನಿಮ್ಮದು ಬೇರೆ ಕಾಯಿಲೆ. ವಿಂಡೋಸ್ 7, 8, 8.1ಗೆ ಸ್ಟೀಮ್ ಬೆಂಬಲ 2024ರ ಜನವರಿ 1ಕ್ಕೇ ನಿಂತಿದೆ. ಬ್ಯಾಟರಿ ಬದಲಿಸಿ ಪ್ರಯೋಜನ ಇಲ್ಲ. ಆ ಪಿಸಿಗೆ ಹೊಸ ವಿಂಡೋಸ್ ಹಿಡಿಸುತ್ತದಾ ಅಂತ ಬೇರೆ ಪೋಸ್ಟ್ ಹಾಕಿ, ರ್‍ಯಾಮ್ ಎಷ್ಟಿದೆ ಬರೆಯಿರಿ. ಅಪ್ಪನ ಲೆಕ್ಕದ ಫೈಲ್ ಮೊದಲು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ಮಿರ್ಚಿ ಮಂಡಕ್ಕಿ · ಗುರುವಾರ ರಾತ್ರಿ 8:30

ಮುಗಿಯಿತು! ಮಂಡಿಪೇಟೆ ಕಡೆ ಒಬ್ಬ ಗಡಿಯಾರ ರಿಪೇರಿಯವರ ಹತ್ತಿರ ಬ್ಯಾಟರಿ ಸಿಕ್ಕಿತು, 40 ರೂಪಾಯಿ. ಹಳೇದನ್ನು ಅವರ ಮೀಟರ್‌ಗೆ ಇಟ್ಟು ತೋರಿಸಿದರು. 3 ವೋಲ್ಟ್ ಇರಬೇಕಾದ್ದು 1.2 ಇತ್ತು. ಹೊಸದು ಹಾಕಿ, ತಾರೀಖು ಸೆಟ್ ಮಾಡಿ, ಬೇಕಂತಲೇ ಪ್ಲಗ್ ಕಿತ್ತು ಅರ್ಧ ಗಂಟೆ ಬಿಟ್ಟೆ. ಮತ್ತೆ ಆನ್ ಮಾಡಿದರೆ ಎಫ್1 ಇಲ್ಲ, ತಾರೀಖು ಇವತ್ತಿನದೇ! ಪಾಸ್‌ವರ್ಡ್ ಒಂದೇ ಸಲಕ್ಕೆ ತೆಗೆದುಕೊಂಡಿತು. ಸ್ಟೀಮ್ ಗಾರ್ಡ್ ಕೋಡ್ (ಲಾಗಿನ್ ಆಗುವುದು ನಾನೇ ಅಂತ ಖಚಿತಪಡಿಸುವ ಐದು ಅಕ್ಷರ) ಕೇಳಿತು, ಹಾಕಿದೆ, ಒಳಗೆ ಹೋದೆ.

ಒಂದು ಬೋನಸ್ ಕೂಡ. ಬಯಾಸ್‌ಗೆ ಹೋದಾಗ ನೋಡಿದರೆ 3200ರ ರ್‍ಯಾಮ್ 2133ರಲ್ಲಿ ಓಡುತ್ತಿತ್ತು. ಬ್ಯಾಟರಿ ಸತ್ತಾಗ ರ್‍ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಸೆಟ್ಟಿಂಗೂ ಹೋಗಿತ್ತಂತೆ. ಆನ್ ಮಾಡಿದೆ.

ಇಲ್ಲೇ ಒಬ್ಬರು ನನಗೆ ಖಾಸಗಿ ಮೆಸೇಜ್ ಕಳಿಸಿ, ‘ಯೂಸರ್‌ನೇಮ್, ಆ ಐದು ಅಕ್ಷರದ ಕೋಡ್ ಕೊಡಿ, ನಾನೇ ಸರಿಮಾಡಿಕೊಡುತ್ತೇನೆ’ ಅಂದಿದ್ದರು. ಕೊಡಲಿಲ್ಲ.

ಎರಡನೇ ಪಾಳಿ · ಗುರುವಾರ ರಾತ್ರಿ 11:50

ಕೊಟ್ಟಿದ್ದರೆ ಅಕೌಂಟೇ ಹೋಗುತ್ತಿತ್ತು. ಆ ಕೋಡ್ ಸ್ಟೀಮ್‌ನವರೂ ಕೇಳುವುದಿಲ್ಲ. ಆ ಮೆಸೇಜ್‌ನ ಸ್ಕ್ರೀನ್‌ಶಾಟ್ ಅಡ್ಮಿನ್‌ಗೆ ಕಳಿಸಿ.

ಮಿರ್ಚಿ ಮಂಡಕ್ಕಿ · ಶುಕ್ರವಾರ ಬೆಳಿಗ್ಗೆ 7:15

ಕಳಿಸಿದೆ. 80 ಜಿಬಿ ಮತ್ತೆ ಡೌನ್‌ಲೋಡ್‌ಗೆ ಹಾಕಿ ಮಲಗಿದ್ದೆ. ಎದ್ದು ನೋಡಿದರೆ 34 ಪರ್ಸೆಂಟ್‌ಗೆ ನಿಂತಿದೆ. ತಾರೀಖು ಸರಿಯಾಗಿದೆ, ನೆಟ್ ಸರಿಯಾಗಿದೆ. ಅಮ್ಮ ಸ್ವಿಚ್ ಆಫ್ ಮಾಡಿದ್ದಾರೆ.