ವಾಕಿಂಗ್ ಬದಲು ಸೂರ್ಯ ನಮಸ್ಕಾರ ಸಾಕಾ?

ಹೊಲಿಗೆ ಅಕ್ಕ, ಮೈಸೂರು
ನನಗೆ 47. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ದಿನವೆಲ್ಲ ಮಿಷಿನ್ ಮುಂದೆ ಬಗ್ಗಿ ಕೂತು ಕತ್ತು, ಭುಜ ಹಿಡಿದುಕೊಂಡಿವೆ. ಶುಗರ್ ಬಾರ್ಡರ್‌ನಲ್ಲಿದೆ, ಬಿಪಿಗೆ ಮಾತ್ರೆ ಇದೆ. ಬೆಳಗ್ಗೆ ವಾಕಿಂಗ್ ಹೊರಟರೆ ನಮ್ಮ ಬೀದಿ ನಾಯಿಗಳು ಬಿಡುವುದಿಲ್ಲ! ಪಕ್ಕದ ಮನೆಯವರು ಸೂರ್ಯ ನಮಸ್ಕಾರಕ್ಕೆ ಬನ್ನಿ, ವಿಟಮಿನ್ ಡಿ ಕೂಡ ಸಿಗುತ್ತದೆ ಅನ್ನುತ್ತಿದ್ದಾರೆ. ರಥಸಪ್ತಮಿಗೆ ಪಾರ್ಕಿನಲ್ಲಿ 108 ಮಾಡಿಸುತ್ತಾರಂತೆ. ಸೇರಲಾ?

ಯೋಗ ಟೀಚರ್
ಸೇರಿ ಅಕ್ಕ, 108ಕ್ಕೆ ಮಾತ್ರ ಈ ವರ್ಷ ಬೇಡ. ನಮ್ಮ ಮೈಸೂರಿನ ಗೋಕುಲಂ ಕಡೆ ಹಾರಿ ಹಿಂದಕ್ಕೆ ಹೋಗುವ ಅಷ್ಟಾಂಗ ಕ್ರಮ ನೋಡಿರುತ್ತೀರಿ. ಅದೂ ಬೇಡ. 12 ಭಂಗಿಯ ನಿಧಾನದ ಕ್ರಮ ಕಲಿಯಿರಿ.

ನಿಮಗೆ ಜಾಸ್ತಿ ಉಪಯೋಗ ಆಗುವುದು ಭುಜಂಗಾಸನ, ಅಂದರೆ ಹೊಟ್ಟೆ ಮೇಲೆ ಮಲಗಿ ಎದೆ ಎತ್ತುವ ಭಂಗಿ. ಮಿಷಿನ್ ಮುಂದೆ ಮುದುಡಿದ ಎದೆ ಅಲ್ಲಿ ಬಿಚ್ಚಿಕೊಳ್ಳುತ್ತದೆ. ಭುಜವನ್ನು ಕಿವಿಯ ಹತ್ತಿರ ಏರಿಸಬೇಡಿ, ಮೊಣಕೈ ಸ್ವಲ್ಪ ಮಡಚಿಯೇ ಇರಲಿ. ನಿಂತು ಮುಂದಕ್ಕೆ ಬಗ್ಗುವ ಪಾದಹಸ್ತಾಸನದಲ್ಲಿ ಕೈ ನೆಲಕ್ಕೆ ತಾಗಲೇಬೇಕು ಅಂತ ಹಟ ಬೇಡ. ಮಂಡಿ ಮಡಚಿ, ಸೊಂಟ ಉಳಿಯುತ್ತದೆ.

ಕೈ, ಕಾಲು ನೆಲದ ಮೇಲಿಟ್ಟು ಸೊಂಟ ಮೇಲೆತ್ತುವ ಪರ್ವತಾಸನದಲ್ಲಿ ಬೆರಳು ಅಗಲಿಸಿ, ತೋರುಬೆರಳಿನ ಬುಡವನ್ನು ನೆಲಕ್ಕೆ ಒತ್ತಿ. ಇಲ್ಲದಿದ್ದರೆ ಭಾರವೆಲ್ಲ ಮಣಿಕಟ್ಟಿಗೆ ಬೀಳುತ್ತದೆ. ಕತ್ತರಿ ಹಿಡಿಯುವ ಕೈ ಅಲ್ವಾ!

ಬಿಪಿ ಇರುವುದರಿಂದ ಉಸಿರು ಕಟ್ಟಬೇಡಿ, ಬಗ್ಗಿ ಏಳುವಾಗ ನಿಧಾನ. ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ) ಇದ್ದರೆ ತಲೆ ಕೆಳಗಾಗುವ ಭಂಗಿ ಬಿಡಿ. ಮೊದಲು ಡಾಕ್ಟರಿಗೆ ಒಂದು ಮಾತು ಹೇಳಿ.

ಮೆಡಿಕಲ್ ಶಾಪ್‌ನವ
ವಿಟಮಿನ್ ಡಿ ಮಾತು ಸುಮ್ನೆ. ಆರು ಗಂಟೆಯ ಎಳೆಬಿಸಿಲಿನಲ್ಲಿ ಅದಕ್ಕೆ ಬೇಕಾದ ಯುವಿಬಿ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ಶುಗರ್‌ಗೆ ಸೂರ್ಯ ನಮಸ್ಕಾರದಿಂದ ಸಹಾಯ ಆಗುವುದು ನಿಜ. ಕೈ, ಕಾಲು, ಹೊಟ್ಟೆಯ ಸ್ನಾಯುಗಳೆಲ್ಲ ಒಟ್ಟಿಗೆ ಕೆಲಸ ಮಾಡುವಾಗ ರಕ್ತದ ಗ್ಲೂಕೋಸ್ ಎಳೆದುಕೊಳ್ಳುತ್ತವೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ. ದಿನಾ ಹತ್ತು ನಿಮಿಷ ಮಾಡಿದರೆ 70 ಆಯಿತು, ಅರ್ಧವೂ ಇಲ್ಲ. ನಾಯಿ ಕಾಟ ಇದ್ದರೆ ಊಟವಾದ ಮೇಲೆ ಟೆರೇಸ್ ಮೇಲೆ ನಡೆಯಿರಿ. ಮಾತ್ರೆ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಯೋಗ ಶುರು ಮಾಡಿದ ಹುರುಪಿಗೆ ಬಿಪಿ ಮಾತ್ರೆ ಬಿಟ್ಟವರನ್ನು ಅಂಗಡಿಯಲ್ಲಿ ನೋಡುತ್ತಲೇ ಇರುತ್ತೇನೆ.

ಹೊಲಿಗೆ ಅಕ್ಕ, ಮೈಸೂರು
ಗ್ಲಾಕೋಮಾ ಇಲ್ಲ. ಟೀಚರ್, ಒಂದು ಸುತ್ತು ಅಂದರೆ ಬಲಗಾಲು, ಎಡಗಾಲು ಎರಡೂ ಸೇರಿಯಾ?

ಯೋಗ ಟೀಚರ್
ಒಬ್ಬೊಬ್ಬರ ಲೆಕ್ಕ ಒಂದೊಂದು. ನಾನು ಎರಡೂ ಸೇರಿಸಿ ಒಂದು ಅಂತೀನಿ. ನೀವು ಮೂರರಿಂದ ಶುರು ಮಾಡಿ. ಮಾತಾಡಲು ಆಗದಷ್ಟು ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ, ಶವಾಸನಕ್ಕೆ ಮಲಗಿ.