ಹಳೆಯ ಜೊಂಗಾದ ಸಸ್ಪೆನ್ಷನ್ ಸೀಟಿಗೆ ಬಿಡಿಭಾಗ ಎಲ್ಲಿ ಸಿಗಬಹುದು?

ಹಳೇಗಾಡಿ, ಪಾಂಡವಪುರ:

ಎಲ್ಲರಿಗೂ ನಮಸ್ಕಾರ. ಸೇನೆಯ ಹರಾಜಿನಿಂದ ಹೊರಬಂದು ಕೈಯಿಂದ ಕೈಗೆ ದಾಟಿದ ಒಂದು ಜೊಂಗಾ (ಜೀಪಿನಂಥ ಸೇನೆಯ ಗಾಡಿ) ನನ್ನ ಬಳಿ ಇದೆ. ಎಂಜಿನ್, ಗೇರ್‌ಬಾಕ್ಸ್‌ಗಳ ಬಗ್ಗೆ ನನ್ನ ತಕರಾರಿಲ್ಲ. ಹಿಂದಿನ ಮಾಲೀಕರು ಮುಂದಿನ ಎರಡೂ ಮೂಲ ಸೀಟುಗಳನ್ನು ತೆಗೆಸಿ, ಕತ್ತರಿಯಂತೆ ಮಡಚಿಕೊಳ್ಳುವ ಕಾಲುಗಳ ಮೇಲೆ ಕೂರುವ ಸ್ಪ್ರಿಂಗ್ ಸಸ್ಪೆನ್ಷನ್ ಸೀಟುಗಳನ್ನು ಹಾಕಿಸಿದ್ದಾರೆ. ಅವು ಲಾರಿಯವೋ ಟ್ರ್ಯಾಕ್ಟರಿನವೋ ತಿಳಿಯದು. ಈಗ ಹಂಪ್ ದಾಟಿದಾಗಲೆಲ್ಲ ಚಾಲಕನ ಸೀಟು ತಳಕ್ಕೆ ಬಡಿದು, ಆಮೇಲೂ ಕೆಲ ಹೊತ್ತು ಕುಣಿಯುತ್ತಲೇ ಇರುತ್ತದೆ. ತೂಕಕ್ಕೆ ತಕ್ಕಂತೆ ಬಿಗಿಮಾಡುವ ನಾಬ್ ಅನ್ನು ಕೊನೆಯವರೆಗೆ ತಿರುಗಿಸಿದರೂ ವ್ಯತ್ಯಾಸ ಕಾಣುವುದಿಲ್ಲ.

ರಬ್ಬರ್ ಹೊದಿಕೆ ಬಿಚ್ಚಿ ನೋಡಿದಾಗ ಎರಡು ಎಳೆತದ ಸ್ಪ್ರಿಂಗ್‌ಗಳ ಪೈಕಿ ಒಂದರ ಕೊಕ್ಕೆ ಮುರಿದಿತ್ತು. ನೈಲಾನ್ ರೋಲರ್‌ಗಳು ಒಂದು ಪಕ್ಕಕ್ಕೆ ಸವೆದು ಚಪ್ಪಟೆಯಾಗಿದ್ದವು. ಕುಣಿತ ತಡೆಯುವ ಡ್ಯಾಂಪರಿನ ಮೈಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿತ್ತು. ತಯಾರಕರ ಚೀಟಿ ಓದಲಾಗದಷ್ಟು ಅಳಿಸಿದೆ. ಅಂಗಡಿಗಳಲ್ಲಿ ಮೊದಲು ಕೇಳುವುದೇ ಗಾಡಿ ಯಾವುದು ಎಂದು. ಜೊಂಗಾ ಎಂದೊಡನೆ ಮಾತು ಮುಗಿಯುತ್ತದೆ. ಜೊಂಗಾದ ಸಾಮಾನು ಮಾರುವವರೋ, ಇದು ಜೊಂಗಾದ ಸೀಟೇ ಅಲ್ಲ ಎಂದು ಕೈಯಾಡಿಸುತ್ತಾರೆ. ಮೈಸೂರು, ಮಂಡ್ಯದ ಕಡೆ ಇಂಥ ಭಾಗಗಳು ಸಿಗುತ್ತವೆಯೇ ಅಥವಾ ಮಾಡಿಸಿಕೊಳ್ಳಬಹುದೇ ಎಂದು ತಿಳಿದವರು ತಿಳಿಸಬೇಕಾಗಿ ವಿನಂತಿ.

ಮದ್ದೂರು ಟ್ರ್ಯಾಕ್ಟರ್:

ಸರ್, ಹಳೆಯದರ ಹಿಂದೆ ಏಕೆ ಬೀಳುತ್ತೀರಿ? ಕಬ್ಬಿನ ಸೀಮೆಯಲ್ಲಿ ಟ್ರ್ಯಾಕ್ಟರ್ ಸಾಮಾನಿಗೆ ಬರವಿಲ್ಲ. ಮಂಡ್ಯದಲ್ಲೇ ಹೊಸ ಸಸ್ಪೆನ್ಷನ್ ಸೀಟೊಂದನ್ನು ತಂದು, ತಳದ ಬೋಲ್ಟ್ ತೂತುಗಳಿಗೆ ಹೊಂದುವ ಒಂದು ಪ್ಲೇಟು ಮಾಡಿಸಿ ಕೂರಿಸಿದರೆ ಕೆಲಸ ಮುಗಿಯುತ್ತದೆ.

ನಿವೃತ್ತ ಫಿಟ್ಟರ್, ಮೈಸೂರು:

ಮೇಲಿನವರ ಸಲಹೆ ಸುಲಭವಾದದ್ದೇ, ಆದರೆ ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ ತಲೆಯ ಮೇಲೆ ಸೂರು ಅಡ್ಡ ಬರುವುದಿಲ್ಲ, ಜೊಂಗಾಕ್ಕೆ ಬರುತ್ತದೆ. ಸೀಟು ಎರಡು ಅಂಗುಲ ಎತ್ತರವಾದರೂ ಸ್ಟೀರಿಂಗ್ ತೊಡೆಗೆ ತಾಗುತ್ತದೆ, ಕಣ್ಣಿನ ಮಟ್ಟ ಗಾಜಿನ ಮೇಲಂಚಿಗೆ ಹೋಗುತ್ತದೆ. ಲಾರಿಯ ಏರ್ ಸಸ್ಪೆನ್ಷನ್ ಸೀಟು ತರುವ ಯೋಚನೆಯಿದ್ದರೆ ಅದನ್ನೂ ಬಿಡಿ. ಈ ಗಾಡಿಯಲ್ಲಿ ಏರ್ ಬ್ರೇಕ್ ಇಲ್ಲದ ಕಾರಣ ಗಾಳಿಗಾಗಿ ಬೇರೆ ಕಂಪ್ರೆಸರ್ ಕಟ್ಟಬೇಕಾಗುತ್ತದೆ. ಈಗಿರುವ ಚೌಕಟ್ಟು ಬಿರುಕು ಬಿಡದೆ ನೆಟ್ಟಗಿದ್ದರೆ ಅದನ್ನೇ ಉಳಿಸಿಕೊಳ್ಳುವುದು ಒಳ್ಳೆಯದು.

ಜೊಂಗಾ ಎಂಬ ಹೆಸರನ್ನು ಅಂಗಡಿಯಲ್ಲಿ ಎತ್ತಲೇಬೇಡಿ. ನಿಸಾನ್ ಪ್ಯಾಟ್ರೋಲ್ ಮಾದರಿಯನ್ನು ಆಧರಿಸಿ ಜಬಲ್ಪುರದಲ್ಲಿ 1969ರಿಂದ 1999ರವರೆಗೆ ತಯಾರಾದ ಆ ಗಾಡಿಗೂ ನಿಮ್ಮ ಸೀಟಿಗೂ ಸಂಬಂಧವಿಲ್ಲ. ಜರ್ಮನಿಯ ಗ್ರಾಮರ್, ಇಸ್ರಿಂಗ್‌ಹೌಸೆನ್ ಸಂಸ್ಥೆಗಳು, ನಮ್ಮಲ್ಲಿ ಹೊಸೂರಿನ ಹರಿತಾ ಇಂಥ ಸೀಟುಗಳಿಗೆ ಹೆಸರಾದವು. ಆದ್ದರಿಂದ ಕತ್ತರಿ ಕಾಲುಗಳ ಒಳಮೈ, ಡ್ಯಾಂಪರಿನ ಕೊಳವೆ, ಬೆನ್ನಿನ ತಗಡು ಇವುಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಅಚ್ಚೊತ್ತಿದ ಅಕ್ಷರ ಅಥವಾ ಸಂಖ್ಯೆ ಇದೆಯೇ ನೋಡಿ. ಚೀಟಿ ಅಳಿಸಿದರೂ ಲೋಹಕ್ಕೆ ಬಿದ್ದ ಅಚ್ಚು ಉಳಿದಿರುತ್ತದೆ.

ಸಿಗದಿದ್ದರೆ ಡ್ಯಾಂಪರನ್ನು ಅಳತೆಯ ಮೇಲೆಯೇ ಹುಡುಕಬಹುದು. ಪೂರ್ತಿ ಒತ್ತಿದಾಗ ಮತ್ತು ಪೂರ್ತಿ ಎಳೆದಾಗ ಎರಡು ತುದಿಗಳ ಕಣ್ಣುಗಳಲ್ಲಿ (ಬೋಲ್ಟ್ ಹೋಗುವ ಬಳೆಗಳಲ್ಲಿ) ಒಂದು ಕಣ್ಣಿನ ಮಧ್ಯದಿಂದ ಇನ್ನೊಂದು ಕಣ್ಣಿನ ಮಧ್ಯಕ್ಕೆ ಎಷ್ಟು ಉದ್ದ, ಕಣ್ಣಿನ ಒಳವ್ಯಾಸ ಎಷ್ಟು, ಬುಷ್‌ನ ಅಗಲ ಎಷ್ಟು ಎಂದು ಬರೆದುಕೊಂಡು ಹಳೆಯ ಡ್ಯಾಂಪರನ್ನೂ ಕೈಯಲ್ಲಿ ಹಿಡಿದು ಹೋಗಿ. ಕೆಲವು ಅಂಗಡಿಯವರು ಅದೇ ಉದ್ದದ, ಕಾರಿನ ಡಿಕ್ಕಿ ಎತ್ತುವ ಗ್ಯಾಸ್ ರಾಡನ್ನು ಕೊಟ್ಟು ಕಳಿಸುತ್ತಾರೆ. ಅದು ತಾನಾಗಿ ಹೊರಕ್ಕೆ ನೂಕುವ ವಸ್ತು. ಡ್ಯಾಂಪರ್ ಇಟ್ಟಲ್ಲಿ ಇರುತ್ತದೆ, ಎಳೆದಾಗ ಅಥವಾ ಒತ್ತಿದಾಗ ಮಾತ್ರ ತಡೆಯುತ್ತದೆ. ಹಂಪ್ ದಾಟಿದ ಮೇಲೆ ನಿಮ್ಮ ಸೀಟು ಕುಣಿಯುತ್ತಿರುವುದು ಡ್ಯಾಂಪರ್ ಸತ್ತಿರುವುದರಿಂದ. ತಳಕ್ಕೆ ಬಡಿಯುವುದಕ್ಕೆ ಮುರಿದ ಸ್ಪ್ರಿಂಗ್ ಕಾರಣ.

ಲೇತ್ ಕೆಲಸ, ಹೆಬ್ಬಾಳು ಇಂಡಸ್ಟ್ರಿಯಲ್ ಏರಿಯಾ:

ಫಿಟ್ಟರ್ ಸರ್ ಹೇಳಿದಂತೆ ಡ್ಯಾಂಪರೊಂದನ್ನು ಕೊಂಡುಕೊಳ್ಳಿ, ಉಳಿದದ್ದನ್ನೆಲ್ಲ ಮಾಡಿಸಬಹುದು. ಮೈಸೂರಿನ ಹೆಬ್ಬಾಳು, ಮೇಟಗಳ್ಳಿಯಲ್ಲಾಗಲಿ ನಿಮಗೆ ಹತ್ತಿರದ ತೂಬಿನಕೆರೆಯಲ್ಲಾಗಲಿ ರೋಲರ್ ಕಡೆದುಕೊಡುವುದು ದೊಡ್ಡ ಕೆಲಸವೇನಲ್ಲ. ನೈಲಾನ್ ಬದಲು ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ರಾಡು ಕೇಳಿ; ನೈಲಾನ್ ತೇವ ಹೀರಿ ಸ್ವಲ್ಪ ಉಬ್ಬುವುದರಿಂದ ಮಳೆಗಾಲದಲ್ಲಿ ಹಳಿಯೊಳಗೆ ಬಿಗಿಯಾಗುವ ಸಂಭವವಿದೆ. ಅಳತೆಯನ್ನು ಸವೆದ ರೋಲರಿನಿಂದ ತೆಗೆಯಬಾರದು, ಅದು ಓಡುವ ಸಿ ಚಾನೆಲ್‌ನ (ಸಿ ಆಕಾರದ ಹಳಿಯ) ಒಳಗಿನಿಂದ, ಅದೂ ರೋಲರ್ ಹೆಚ್ಚು ಓಡಾಡದ ತುದಿಯಲ್ಲಿ ತೆಗೆಯಬೇಕು.

ಸ್ಪ್ರಿಂಗ್ ವಿಷಯ ಸೂಕ್ಷ್ಮ. ಮುರಿದ ಕೊಕ್ಕೆಯನ್ನು ಗ್ಯಾಸಿನಲ್ಲಿ ಕಾಯಿಸಿ ಮತ್ತೆ ಬಗ್ಗಿಸಿಕೊಡುತ್ತೇನೆ ಎನ್ನುವವರಿಗೆ ಕೊಡಬೇಡಿ, ಕಾಯಿಸಿದ ಜಾಗದಲ್ಲಿ ಉಕ್ಕಿನ ಹದ ಹೋಗಿ ಅಲ್ಲೇ ಮುರಿಯುತ್ತದೆ. ತಂತಿಯ ದಪ್ಪವನ್ನು ಕಣ್ಣಂದಾಜಿನಲ್ಲಿ ಹೇಳದೆ, ಬಣ್ಣ ಕೆರೆದು ವರ್ನಿಯರ್‌ನಲ್ಲಿ ಅಳೆಯಿರಿ. ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುವುದರಿಂದ, ಸುರುಳಿಯ ವ್ಯಾಸ ಮತ್ತು ಸುತ್ತುಗಳ ಸಂಖ್ಯೆ ಅವೇ ಇದ್ದರೂ, 5 ಮಿ.ಮೀ. ತಂತಿಯ ಬದಲು 5.5 ಮಿ.ಮೀ. ಹಾಕಿದರೆ ಬಿಗಿ ಸುಮಾರು ಶೇ. 46ರಷ್ಟು ಹೆಚ್ಚುತ್ತದೆ. ಗಟ್ಟಿ ಇದ್ದಷ್ಟೂ ಒಳ್ಳೆಯದು ಎಂದು ಸ್ಪ್ರಿಂಗ್ ಸುತ್ತುವವರು ಹೇಳುವುದುಂಟು, ಲಾರಿಯ ಚಕ್ರದ ಪಟ್ಟಿ ಸ್ಪ್ರಿಂಗಿಗಾದರೆ ಆ ಮಾತು ನಡೆದೀತು. ನಮ್ಮ ದೇಹಕ್ಕೆ ಹೆಚ್ಚು ಹಿಂಸೆಯಾಗುವುದು ಸೆಕೆಂಡಿಗೆ 4ರಿಂದ 8 ಸಲದ ಮೇಲು-ಕೆಳಗಿನ ಅಲುಗಾಟದಿಂದ. ಸೀಟಿನ ಸ್ಪ್ರಿಂಗ್ ಮೆತ್ತಗಿದ್ದರೆ ಮಾತ್ರ ಅದು ತಗ್ಗುತ್ತದೆ.

ಮುರಿಯದೆ ಉಳಿದಿರುವ ಸ್ಪ್ರಿಂಗನ್ನು ತೊಲೆಗೆ ನೇತುಹಾಕಿ, 20 ಕಿಲೋ ಕಟ್ಟಿದಾಗಿನ ಉದ್ದವನ್ನೂ 40 ಕಿಲೋ ಕಟ್ಟಿದಾಗಿನ ಉದ್ದವನ್ನೂ ಬರೆದುಕೊಳ್ಳಿ. ಎಳೆತದ ಸ್ಪ್ರಿಂಗ್‌ಗಳ ಸುರುಳಿಗಳು ಮೊದಲೇ ಒಂದಕ್ಕೊಂದು ಬಿಗಿದುಕೊಂಡಿರುವ ಕಾರಣ ಒಂದೇ ತೂಕದ ಅಳತೆ ಸಾಲದು, ಎರಡರ ನಡುವಿನ ವ್ಯತ್ಯಾಸವೇ ಬೇಕು. ಅದನ್ನು ತೋರಿಸಿ ಎರಡೂ ಸ್ಪ್ರಿಂಗ್‌ಗಳನ್ನು ಜೋಡಿಯಾಗಿಯೇ ಹೊಸದು ಮಾಡಿಸಿ. ಒಂದು ಹಳೆಯದು ಒಂದು ಹೊಸದಾದರೆ ಸೀಟು ವಾಲುತ್ತದೆ.

ಹಳೇಗಾಡಿ, ಪಾಂಡವಪುರ:

ತಮ್ಮೆಲ್ಲರಿಗೂ ಧನ್ಯವಾದಗಳು. ಒರೆಸಿ ನೋಡಿದೆ, ಕತ್ತರಿ ಕಾಲಿನ ಒಳಗೆ ಒಂದು ಸಂಖ್ಯೆಯ ಅಚ್ಚು ಸಿಕ್ಕಿತು, ಅದನ್ನು ಹಿಡಿದು ವಿಚಾರಿಸುತ್ತೇನೆ. ತಳದ ಹಳಿಯ ಒಂದು ಕಡೆಯ ವೆಲ್ಡಿಂಗ್ ಬಿಟ್ಟುಕೊಂಡಿರುವುದೂ ಈಗ ಕಂಡಿತು. ಸೀಟು ಬಿಚ್ಚದೆ ಗಾಡಿಯಲ್ಲೇ ಒಂದು ಟಾಕಿ ಹಾಕಿಸಿದರೆ ಆದೀತೇ?

ನಿವೃತ್ತ ಫಿಟ್ಟರ್, ಮೈಸೂರು:

ದಯವಿಟ್ಟು ಹಾಗೆ ಮಾಡಬೇಡಿ. ಹಳೆಯ ವಿಲ್ಲಿಸ್ ಜೀಪುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಇರುತ್ತಿದ್ದುದೇ ಚಾಲಕನ ಸೀಟಿನ ಅಡಿಯಲ್ಲಿ. ನಿಮ್ಮ ಗಾಡಿಯಲ್ಲಿ ತಗಡಿನ ಕೆಳಗೆ ಟ್ಯಾಂಕ್, ಪೈಪು, ವೈರು ಯಾವುದು ಹಾದುಹೋಗಿದೆ ಎಂದು ಮಲಗಿ ನೋಡದೆ ಕಿಡಿ ಹಾರಿಸುವ ಕೆಲಸ ಬೇಡ. ಸೀಟನ್ನು ಇಳಿಸಿ, ಸ್ಪ್ರಿಂಗ್ ಮತ್ತು ಡ್ಯಾಂಪರ್ ಕಳಚಿಟ್ಟು, ಹೊರಗೆ ವೆಲ್ಡಿಂಗ್ ಮಾಡಿಸಿ. ಮತ್ತೆ ಕೂರಿಸುವಾಗ 8.8 ಗುರುತಿನ ಬೋಲ್ಟ್ ಬಳಸಿ. ಸೀಟ್ ಬೆಲ್ಟ್ ಗಾಡಿಯ ನೆಲಕ್ಕೆ ಬಿಗಿದಿದ್ದರೆ, ಸೀಟು ಪೂರ್ತಿ ಮೇಲೆದ್ದಾಗ ಹೊಟ್ಟೆಗೆ ಹಿಡಿಯುತ್ತದೆಯೇ, ಪೂರ್ತಿ ಕೆಳಗಿಳಿದಾಗ ಸಡಿಲಾಗುತ್ತದೆಯೇ ಎಂದು ನಿಂತ ಗಾಡಿಯಲ್ಲೇ ಕೂತು ಪರೀಕ್ಷಿಸಿ. ಅಚ್ಚಿನ ಸಂಖ್ಯೆಯ ಫೋಟೊ ಇಲ್ಲಿಗೆ ಹಾಕಿದರೆ ಯಾರಾದರೂ ಗುರುತಿಸಿಯಾರು.