ಎಳ್ಳು-ಬೆಲ್ಲದ ಮರುದಿನ ನಮ್ಮ ಮನೆಯ ಗುಂಪಿನಲ್ಲಿ ಬ್ರೆಕ್ಸಿಟ್

ಬ್ರೆಕ್ಸಿಟ್, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬರುವ ವಿಷಯವಾಗಿ 2019ರ ಜನವರಿ 16 ಮತ್ತು 17ರಂದು ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಚರ್ಚೆ ಇದು. ಗುಂಪಿನಲ್ಲಿ ಕನ್ನಡದಲ್ಲಿಯೇ, ಪೂರ್ಣ ವಾಕ್ಯಗಳಲ್ಲಿಯೇ ಬರೆಯಬೇಕೆಂಬುದು ನಿವೃತ್ತ ಮುಖ್ಯೋಪಾಧ್ಯಾಯರಾದ ದೊಡ್ಡಪ್ಪನವರು ಹಾಕಿಕೊಟ್ಟ ಪದ್ಧತಿ. ಹಬ್ಬದ ಶುಭಾಶಯಗಳನ್ನೂ ಚಿತ್ರಗಳನ್ನೂ ಬಿಟ್ಟು ಉಳಿದದ್ದನ್ನು ಇಲ್ಲಿ ಕೊಟ್ಟಿದ್ದೇನೆ. ಹೊರಗಿನವರಿಗೆ ಅರ್ಥವಾಗಲೆಂದು ನಡುವೆ ಒಂದೆರಡು ಮಾತು ಸೇರಿಸಿದ್ದೇನೆ.

ಚಿಕ್ಕಪ್ಪ (ಫಾರ್ವರ್ಡ್ ಮಾಡಿದ್ದು): ನಮ್ಮನ್ನು ಇನ್ನೂರು ವರ್ಷ ಆಳಿದವರಿಗೆ ಈಗ ಅದೇ ಪಾಡು! ವಾರಕ್ಕೆ 35 ಕೋಟಿ ಪೌಂಡ್ ಕಪ್ಪ ಕೊಡುತ್ತಿದ್ದ ಬ್ರಿಟನ್ ಬಿಡಿಸಿಕೊಳ್ಳಲು ಹೊರಟರೆ ಐರೋಪ್ಯ ಒಕ್ಕೂಟ 3,900 ಕೋಟಿ ಪೌಂಡ್ ದಂಡ ಹಾಕಿದೆ. ಸಿಡಿದೆದ್ದ ಸಂಸತ್ತು ನಿನ್ನೆ ರಾತ್ರಿ 432 ಮತಗಳಿಂದ ಒಕ್ಕೂಟಕ್ಕೆ ತಕ್ಕ ಉತ್ತರ ಕೊಟ್ಟಿದೆ. ಮಾರ್ಚ್ 29ರ ರಾತ್ರಿಯಿಂದ ಅಲ್ಲಿರುವ ಭಾರತೀಯರೂ ಸೇರಿ ಎಲ್ಲ ವಿದೇಶಿಯರು ಹೊಸದಾಗಿ ಅನುಮತಿ ಪಡೆಯಬೇಕು. ತಪ್ಪದೆ ಎಲ್ಲರಿಗೂ ಕಳುಹಿಸಿ.

ಚಿಕ್ಕಪ್ಪ: ಇಂಗ್ಲೆಂಡಿನ ಸ್ವಿಂಡನ್ನಿನಲ್ಲಿರುವ ನಮ್ಮ ಹುಡುಗಿ ಮತ್ತು ಅಳಿಯಂದಿರ ಮೇಲಿನ ಕಾಳಜಿಯಿಂದ ಇದನ್ನು ಕಳುಹಿಸಿದ್ದೇನೆ.

ನಾನು: ಚಿಕ್ಕಪ್ಪ, ಇದನ್ನು ಬರೆದವರು ಯಾರು, ಅವರಿಗಿರುವ ಆಧಾರವೇನು ಎಂಬುದು ಇದರಲ್ಲಿ ಎಲ್ಲಿಯೂ ಇಲ್ಲ. ವಾರಕ್ಕೆ 35 ಕೋಟಿ ಪೌಂಡ್ ಎಂಬುದು 2016ರ ಜನಮತಗಣನೆಯ ಸಮಯದಲ್ಲಿ, ಹೊರಬರಬೇಕೆನ್ನುವವರು ಕೆಂಪು ಬಸ್ಸಿನ ಮೇಲೆ ಬರೆಸಿಕೊಂಡು ಊರೂರು ತಿರುಗಿದ ಸಂಖ್ಯೆ. 1984ರಲ್ಲಿ ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಹಟ ಹಿಡಿದು ಪಡೆದ ರಿಯಾಯಿತಿಯನ್ನು ಹಣ ಕಟ್ಟುವ ಮೊದಲೇ ಕಳೆಯಲಾಗುತ್ತದೆಯಾದ್ದರಿಂದ ಅಷ್ಟು ಹಣ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸಿಗೆ ಹೋಗುವುದೇ ಇಲ್ಲ. ಈ ಸಂಖ್ಯೆ ಜನರನ್ನು ದಾರಿ ತಪ್ಪಿಸುತ್ತದೆ ಎಂದು ಅಲ್ಲಿನ ಅಂಕಿಅಂಶ ಪ್ರಾಧಿಕಾರವೇ ಮತದಾನಕ್ಕೆ ಮುಂಚೆ ಹೇಳಿತ್ತು; 2017ರ ಸೆಪ್ಟೆಂಬರಿನಲ್ಲಿ ಅದರ ಅಧ್ಯಕ್ಷರು ಆಗ ವಿದೇಶಾಂಗ ಸಚಿವರಾಗಿದ್ದ ಬೋರಿಸ್ ಜಾನ್ಸನ್ ಅವರಿಗೆ ಪತ್ರ ಬರೆದು ಮತ್ತೊಮ್ಮೆ ಆಕ್ಷೇಪಿಸಿದರು. ಇನ್ನು 3,900 ಕೋಟಿ ಪೌಂಡ್ ದಂಡವಲ್ಲ. ಸದಸ್ಯರಾಗಿದ್ದಾಗ ತಾವೇ ಒಪ್ಪಿದ ಬಜೆಟ್ಟಿನ ಬಾಕಿ, ಹೊರಬಂದ ಮೇಲಿನ ಪರಿವರ್ತನೆಯ ಅವಧಿಯ ವಂತಿಗೆ, ನೌಕರರ ಪಿಂಚಣಿಯ ಪಾಲು ಎಲ್ಲ ಸೇರಿ ಮಾಡಿದ ಅಂದಾಜು ಅದು. ಒಟ್ಟು ಕುಟುಂಬದಿಂದ ಪಾಲು ತೆಗೆದುಕೊಂಡು ಹೊರಡುವವರು ಆಸ್ತಿಯ ಜೊತೆಗೆ ಸಾಲದ ಪಾಲನ್ನೂ ಹೊರುತ್ತಾರೆ. ಅದನ್ನು ಯಾರೂ ದಂಡವೆನ್ನುವುದಿಲ್ಲ.

ಚಿಕ್ಕಪ್ಪ: ಸಾಲದ ಪಾಲು ಎಂಬ ಮಾತನ್ನು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದೆ ಎಂಬುದು ನನಗೆ ತಿಳಿಯದೆ ಇಲ್ಲ. ನಾವು ಪಾಲಾದಾಗ ಅಪ್ಪ ಸೊಸೈಟಿಯಲ್ಲಿ ಮಾಡಿದ್ದ ಸಾಲದ ವಿಷಯವನ್ನು ಯಾರೂ ನನಗೆ ಹೇಳಿರಲಿಲ್ಲ. ಗೊತ್ತಾದ ಮೇಲೆ ನನ್ನ ಭಾಗದ ಹಣ ತೆಗೆದುಕೊಂಡು ಹೋದೆ, ಅಣ್ಣನೇ ಬೇಡವೆಂದ.

ಚಿಕ್ಕಮ್ಮ: ಇವರು ಏನು ಕಳುಹಿಸಿದರೂ ನೀನು ಆಧಾರ ಕೇಳುತ್ತೀಯಪ್ಪ. ಹೋದ ಆಗಸ್ಟಿನಲ್ಲಿ ಕೊಡಗಿನಲ್ಲಿ ಮಳೆ ಸುರಿಯುತ್ತಿದ್ದಾಗ ಅಣೆಕಟ್ಟೆ ಒಡೆಯುತ್ತದೆಂದು ನಿನ್ನ ಅತ್ತೆ ಕಳುಹಿಸಿದ್ದರು. ಆಗ ನೀನು ಒಂದು ಮಾತನ್ನೂ ಆಡಲಿಲ್ಲ.

ದೊಡ್ಡಪ್ಪ: ಎಳ್ಳು-ಬೆಲ್ಲ ತಿಂದು ಒಳ್ಳೆಯ ಮಾತನಾಡೋಣ ಎಂದು ನಿನ್ನೆ ತಾನೇ ಹಾರೈಸಿಕೊಂಡಿದ್ದೇವೆ. ಸೊಸೈಟಿಯ ಸಾಲದ ವಿಷಯ ನನ್ನ ಮಟ್ಟಿಗೆ ಎಂದೋ ಮುಗಿದಿದೆ. ಅದನ್ನು ಇನ್ನು ಯಾರೂ ಎತ್ತಬಾರದು. ಬ್ರಿಟಿಷರ ಪಾಡನ್ನು ಕಂಡು ನಾವು ಹಿಗ್ಗುವುದೂ ಸರಿಯಲ್ಲ. 1973ರ ಜನವರಿ 1ರಂದು ಅವರು ಆ ಒಕ್ಕೂಟ ಸೇರಿದಾಗ ನಮ್ಮಂಥ ಕಾಮನ್‌ವೆಲ್ತ್ ದೇಶಗಳ ಸರಕಿಗೆ ಅಲ್ಲಿದ್ದ ಸುಂಕದ ರಿಯಾಯಿತಿ ಕಳಚಿಹೋಗತೊಡಗಿತು. ಆಗಲೂ ನಮ್ಮ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಎರಡು ವರ್ಷಗಳ ನಂತರ ಜನರನ್ನು ಕೇಳಿದಾಗ ಮೂರರಲ್ಲಿ ಎರಡು ಪಾಲು ಜನ ಉಳಿಯೋಣ ಎಂದರು. ಒಮ್ಮೆ ಒಟ್ಟಿಗೆ ಬಾಳುತ್ತೇವೆಂದು ಮಾತು ಕೊಟ್ಟ ಮೇಲೆ ತಾಳ್ಮೆ ಇರಬೇಕು.

ಅಕ್ಕ (ಸ್ವಿಂಡನ್): ಚಿಕ್ಕಪ್ಪ, ನಮ್ಮ ಬಗ್ಗೆ ಆತಂಕ ಬೇಡ. ನಾವು ಬಂದದ್ದು ಬ್ರಿಟನ್ನಿನ ಸ್ವಂತ ವೀಸಾ ನಿಯಮದಂತೆ. ಒಕ್ಕೂಟದಿಂದ ಹೊರಬಂದರೂ ಅದರಲ್ಲಿ ಏನೂ ಬದಲಾಗುವುದಿಲ್ಲ. ಆತಂಕವಿರುವುದು ಇಲ್ಲಿ ನೆಲೆಸಿರುವ 30 ಲಕ್ಷಕ್ಕೂ ಹೆಚ್ಚು ಐರೋಪ್ಯ ಪ್ರಜೆಗಳಿಗೆ. ಇದು ನಿಮಗೆ ವಿಚಿತ್ರವೆನಿಸಬಹುದು: ಕಾಮನ್‌ವೆಲ್ತ್ ದೇಶದವರಾದ್ದರಿಂದ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ನಾವಿಬ್ಬರೂ 2016ರ ಜೂನ್ 23ರಂದು ಮತ ಹಾಕಿದೆವು. ಬಹಳ ವರ್ಷಗಳಿಂದ ಇಲ್ಲಿ ದುಡಿಯುತ್ತಿರುವ ಇಟಲಿಯವರಿಗೂ ಪೋಲೆಂಡಿನವರಿಗೂ ಆ ಹಕ್ಕು ಇರಲಿಲ್ಲ. ನಾನು ಉಳಿಯಬೇಕೆಂದು ಮತ ಹಾಕಿದೆ.

ಭಾವ (ಸ್ವಿಂಡನ್): ನಾನು ಹೊರಬರಬೇಕೆಂದು ಮತ ಹಾಕಿದೆ, ಅದಕ್ಕೆ ಇಂದಿಗೂ ಪಶ್ಚಾತ್ತಾಪವಿಲ್ಲ. ಬಸ್ಸಿನ ಮೇಲಿನ ಸಂಖ್ಯೆ ನೋಡಿ ಹಾಕಿದ ಮತವಲ್ಲ ಅದು. ಐರೋಪ್ಯ ದೇಶದವರು ಯಾವ ವೀಸಾ ಇಲ್ಲದೆ ಬಂದು ನೆಲೆಸಬಹುದು. ನಮ್ಮ ಊರಿನಿಂದ ಒಬ್ಬ ಎಂಜಿನಿಯರನ್ನೋ ಅಡುಗೆಯವರನ್ನೋ ಕರೆಸಿಕೊಳ್ಳಬೇಕಾದರೆ ಸಂಬಳದ ಮಿತಿ, ಪ್ರಾಯೋಜಕರು, ಶುಲ್ಕ ಎಂದು ವರ್ಷಗಟ್ಟಲೆ ಅಲೆಯಬೇಕು. ಒಕ್ಕೂಟದಲ್ಲಿ ಇರುವವರೆಗೆ ಬ್ರಿಟನ್ ಭಾರತದೊಂದಿಗೆ ಪ್ರತ್ಯೇಕ ವ್ಯಾಪಾರ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಒಕ್ಕೂಟವಾದರೋ ಭಾರತದೊಂದಿಗೆ 2007ರಲ್ಲಿ ಆರಂಭಿಸಿದ ಮಾತುಕತೆ 2013ರಿಂದ ನಿಂತೇ ಹೋಗಿದೆ. ಕಾನೂನು ಮಾಡುವವರನ್ನು ಜನ ಬದಲಿಸಲು ಸಾಧ್ಯವಿರಬೇಕು ಎಂಬುದು ಸಣ್ಣ ಮಾತಲ್ಲ.

ಇಬ್ಬರೂ ಬೇರೆ ಬೇರೆ ಕಡೆಗೆ ಮತ ಹಾಕಿದ್ದಾರೆಂಬುದು ಅಂದಿನವರೆಗೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಭಾವನ ವಾದವನ್ನು ನಾನು ಒಪ್ಪುವುದಿಲ್ಲವಾದರೂ, ಆ ಹೊತ್ತಿನವರೆಗೆ ಗುಂಪಿನಲ್ಲಿ ಬಂದ ಮಾತುಗಳಲ್ಲಿ ಹೊರಬರುವವರ ಪರವಾಗಿದ್ದ ಗಟ್ಟಿಯಾದ ಮಾತು ಅದೊಂದೇ.

ನಾನು: ಭಾವ, 2016ರ ನವೆಂಬರಿನಲ್ಲಿ ಬ್ರಿಟನ್ನಿನ ಪ್ರಧಾನಿ ಥೆರೆಸಾ ಮೇ ದೆಹಲಿಗೂ ಬೆಂಗಳೂರಿಗೂ ಬಂದಾಗ ಭಾರತ ವೀಸಾ ಸಡಿಲಿಸಿ ಎಂದೇ ಕೇಳಿತು, ಅವರು ಒಪ್ಪಲಿಲ್ಲ. ಹೊರಬರುವವರಲ್ಲಿ ಬಹಳ ಮಂದಿ ಮತ ಹಾಕಿದ್ದು ವಲಸಿಗರು ಕಡಿಮೆಯಾಗಲಿ ಎಂದು. ಯುರೋಪಿನವರ ಬದಲು ನಮ್ಮವರು ಬರಲಿ ಎಂಬುದು ಅವರ ಬಯಕೆಯಾಗಿರಲಿಲ್ಲ.

ಮಾವನ ಮಗ: ಮೇ ಅವರು ಅಂದು ಸೀರೆ ಉಟ್ಟು ಹಲಸೂರಿನ ಸೋಮೇಶ್ವರ ದೇವಸ್ಥಾನಕ್ಕೆ ಬಂದಿದ್ದರು. ಅದೇ ರಾತ್ರಿ ಎಂಟು ಗಂಟೆಗೆ 500 ಮತ್ತು 1,000 ರೂಪಾಯಿ ನೋಟುಗಳು ರದ್ದಾದ ಸುದ್ದಿ ಬಂತು. ಅಜ್ಜಿ ಸಾಸಿವೆ ಡಬ್ಬಿಯ ತಳದಿಂದ ನೋಟಿನ ಸುರುಳಿ ತೆಗೆದು ಎಲ್ಲರ ಮುಂದೆ ಇಟ್ಟದ್ದು ನೆನಪಿದೆಯೇ? ಅಜ್ಜಿ ಹೋಗುವ ಮೊದಲು ನಾವೆಲ್ಲ ಒಟ್ಟಿಗೆ ಸೇರಿದ್ದು ಅದೇ ಕೊನೆ.

ಚಿಕ್ಕಮ್ಮ: ಆ ನೋಟುಗಳನ್ನು ಬದಲಿಸಲು ಬ್ಯಾಂಕಿನ ಸರದಿಯಲ್ಲಿ ನಿಂತವರು ಯಾರೆಂಬುದೂ ನಿಮಗೆಲ್ಲ ನೆನಪಿರಲಿ.

ಅಲ್ಲಿಂದ ಮಧ್ಯಾಹ್ನದವರೆಗೆ ಅಜ್ಜಿಯ ನೋಟು, ಬ್ಯಾಂಕಿನ ಸರದಿ, ಮತ್ತೆ ಸೊಸೈಟಿಯ ಸಾಲ. ಒಕ್ಕೂಟದ ವಿಷಯವನ್ನು ಮತ್ತೆ ತಂದವನು ನಾನೇ. ಫಾರ್ವರ್ಡ್‌ನಲ್ಲಿದ್ದ ಅತಿ ದೊಡ್ಡ ತಪ್ಪನ್ನು ಯಾರೂ ಮುಟ್ಟಿರಲಿಲ್ಲ.

ನಾನು: ದಯವಿಟ್ಟು ಇದನ್ನು ಪೂರ್ತಿ ಓದಿ. ನಿನ್ನೆ ರಾತ್ರಿಯ 432 ಮತಗಳು ಬಿದ್ದದ್ದು ಒಕ್ಕೂಟದ ವಿರುದ್ಧವಲ್ಲ, ಬ್ರಿಟನ್ನಿನ ಪ್ರಧಾನಿಯೇ ಮಾತುಕತೆ ನಡೆಸಿ ತಂದ 585 ಪುಟಗಳ ಒಪ್ಪಂದದ ವಿರುದ್ಧ. ಪರವಾಗಿ ಬಿದ್ದದ್ದು 202. ವಿರೋಧಿಸಿದವರಲ್ಲಿ 118 ಮಂದಿ ಅವರದೇ ಪಕ್ಷದವರು. ಒಪ್ಪಂದ ಒಕ್ಕೂಟಕ್ಕೆ ತೀರಾ ಹತ್ತಿರವಾಯಿತು ಎಂದು ಕೆಲವರು ವಿರೋಧಿಸಿದರು, ತೀರಾ ದೂರವಾಯಿತು ಎಂದು ಕೆಲವರು, ಹೊರಬರುವುದೇ ಬೇಡವೆಂದು ಇನ್ನು ಕೆಲವರು. ಆ 432 ಮಂದಿಯನ್ನು ಒಂದು ಕೋಣೆಯಲ್ಲಿ ಕೂರಿಸಿ ಹಾಗಾದರೆ ಏನು ಬೇಕು ಎಂದು ಕೇಳಿದರೆ ಒಂದು ಉತ್ತರ ಬರುವುದಿಲ್ಲ. 2016ರಲ್ಲಿ ಶೇ. 51.9 ಜನ ಹೊರಬರೋಣ ಎಂದರು. ಹೇಗೆ ಎಂಬ ಪ್ರಶ್ನೆಯೇ ಮತಪತ್ರದಲ್ಲಿರಲಿಲ್ಲ. ಅದು ತೀರ್ಮಾನವಾಗುವ ಮೊದಲೇ 2017ರ ಮಾರ್ಚ್ 29ರಂದು ಲಿಸ್ಬನ್ ಒಪ್ಪಂದದ 50ನೇ ವಿಧಿಯಂತೆ ನೋಟಿಸ್ ಕೊಟ್ಟರು, ಎರಡು ವರ್ಷಗಳ ಗಡುವು ಶುರುವಾಯಿತು. ಒಕ್ಕೂಟದ ಪರವಾಗಿ ಮೊದಲಿನಿಂದ ಮಿಷೆಲ್ ಬಾರ್ನಿಯೆ ಒಬ್ಬರೇ ಮಾತನಾಡುತ್ತಿದ್ದಾರೆ. ಬ್ರಿಟನ್ನಿನಲ್ಲಿ ಬ್ರೆಕ್ಸಿಟ್ ಸಚಿವರಾಗಿದ್ದ ಡೇವಿಡ್ ಡೇವಿಸ್ ರಾಜೀನಾಮೆ ಕೊಟ್ಟರು, ಡಾಮಿನಿಕ್ ರಾಬ್ ರಾಜೀನಾಮೆ ಕೊಟ್ಟರು, ಈಗ ಇರುವವರು ಮೂರನೆಯ ಸಚಿವರು.

ನಾನು: ಇಡೀ ಮಾತುಕತೆ ಸಿಕ್ಕಿಕೊಂಡಿರುವುದು ಐರ್ಲೆಂಡಿನಲ್ಲಿ. ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು, ದಕ್ಷಿಣದ್ದು ಒಕ್ಕೂಟದ ಸದಸ್ಯ ದೇಶ. ನಡುವೆ ಸುಮಾರು 500 ಕಿಲೋಮೀಟರ್ ಗಡಿ, ಇನ್ನೂರಕ್ಕೂ ಹೆಚ್ಚು ಕಡೆ ದಾಟುವ ರಸ್ತೆಗಳು. 3,500ಕ್ಕೂ ಹೆಚ್ಚು ಜನ ಸತ್ತ ಹಿಂಸೆ 1998ರ ಶುಭ ಶುಕ್ರವಾರದ ಒಪ್ಪಂದದಿಂದ ತಣ್ಣಗಾದ ಮೇಲೆ ಅಲ್ಲಿ ಕಾವಲು ಗೋಪುರಗಳಿಲ್ಲ, ತಪಾಸಣೆಯಿಲ್ಲ. ಸದಸ್ಯ ದೇಶಗಳ ನಡುವೆ ಸುಂಕವಿಲ್ಲದ ಸುಂಕ ಒಕ್ಕೂಟವನ್ನೂ ಎಲ್ಲರಿಗೂ ಒಂದೇ ನಿಯಮಗಳಿರುವ ಏಕ ಮಾರುಕಟ್ಟೆಯನ್ನೂ ಬಿಡುತ್ತೇವೆ ಎಂದು ಮೇ ಹೇಳಿದರು. ಐರ್ಲೆಂಡಿನಲ್ಲಿ ಗಡಿ ಹಾಕುವುದಿಲ್ಲ ಎಂದೂ ಹೇಳಿದರು. ಉತ್ತರ ಐರ್ಲೆಂಡನ್ನು ಉಳಿದ ಬ್ರಿಟನ್ನಿನಿಂದ ಬೇರ್ಪಡಿಸುವುದಿಲ್ಲ ಎಂದೂ ಹೇಳಿದರು. ಈ ಮೂರು ಮಾತುಗಳನ್ನು ಒಟ್ಟಿಗೆ ಉಳಿಸಿಕೊಳ್ಳುವ ದಾರಿಯನ್ನು ಇದುವರೆಗೆ ಯಾರೂ ತೋರಿಸಿಲ್ಲ. ಬ್ರಸೆಲ್ಸಿನವರು ಎಷ್ಟೇ ಉದಾರಿಗಳಾದರೂ ಸರಕನ್ನು ಎಲ್ಲೋ ಒಂದು ಕಡೆ ತಪಾಸಣೆ ಮಾಡಲೇಬೇಕು.

ಭಾವ: ಅದಕ್ಕೆಂದೇ ಬ್ಯಾಕ್‌ಸ್ಟಾಪ್ ಎಂಬ ತಾತ್ಕಾಲಿಕ ಏರ್ಪಾಡು ಮಾಡಿದರು. ಬೇರೆ ದಾರಿ ಸಿಗುವವರೆಗೆ ಇಡೀ ಬ್ರಿಟನ್ ಒಕ್ಕೂಟದ ಸುಂಕದ ಕಟ್ಟಿನೊಳಗೆ ಇರಬೇಕು, ಒಕ್ಕೂಟ ಒಪ್ಪದೆ ಅದರಿಂದ ಹೊರಬರುವಂತಿಲ್ಲ. ಅದು ಅನಿರ್ದಿಷ್ಟ ಕಾಲ ಮುಂದುವರಿಯಬಹುದು ಎಂದು ಸರ್ಕಾರದ ಅಟಾರ್ನಿ ಜನರಲ್ ಜೆಫ್ರಿ ಕಾಕ್ಸ್ ಅವರೇ ಸಲಹೆ ಬರೆದುಕೊಟ್ಟಿದ್ದಾರೆ. ಬಾಗಿಲಿನ ಕೀಲಿ ಇನ್ನೊಬ್ಬರ ಕೈಯಲ್ಲಿರುವ ಒಪ್ಪಂದವನ್ನು ಯಾವ ಸಂಸತ್ತು ಒಪ್ಪುತ್ತದೆ?

ಅಕ್ಕ: ಆ ಕೀಲಿಯ ಮಾತನ್ನು ಇವರು ಮನೆಯಲ್ಲಿಯೂ ಹೇಳುತ್ತಾರೆ. ನಮ್ಮ ಊರಿನ ಹೋಂಡಾ ಕಾರ್ಖಾನೆಗೆ ಬಿಡಿಭಾಗಗಳು ಯುರೋಪಿನಿಂದ ಲಾರಿಗಳಲ್ಲಿ ನಿತ್ಯ ಬರುತ್ತವೆ, ಹೆಚ್ಚು ದಾಸ್ತಾನು ಇಟ್ಟುಕೊಳ್ಳುವ ಪದ್ಧತಿಯೇ ಇಲ್ಲ. ಬಂದರಿನಲ್ಲಿ ತಡವಾಗಬಹುದೆಂದು ಏಪ್ರಿಲಿನಲ್ಲಿ ಆರು ದಿನ ಕೆಲಸ ನಿಲ್ಲಿಸುವುದಾಗಿ ಕಳೆದ ವಾರ ಪ್ರಕಟಿಸಿದ್ದಾರೆ. ಆದರೂ ಇಲ್ಲಿ ಹೊರಬರುವವರಿಗೇ ಬಹುಮತ ಬಂದಿತ್ತು.

ಚಿಕ್ಕಪ್ಪ: ಇಷ್ಟೆಲ್ಲ ಗೊತ್ತಿದ್ದವನು ಮೊದಲೇ ಮರ್ಯಾದೆಯಿಂದ ಹೇಳಬಹುದಿತ್ತು. ಎಲ್ಲರ ಎದುರು ಆಧಾರ ಎಲ್ಲಿ ಎಂದು ಕೇಳುವ ಅಗತ್ಯವಿರಲಿಲ್ಲ.

ದೊಡ್ಡಪ್ಪ: ಹಿರಿಯರನ್ನು ತಿದ್ದುವಾಗ ಪ್ರತ್ಯೇಕವಾಗಿ ಬರೆಯುವುದು ಒಳ್ಳೆಯದು. ಕಳುಹಿಸುವ ಮೊದಲು ಓದುವುದು ಹಿರಿಯರ ಕರ್ತವ್ಯ.

ನಾನು: ಚಿಕ್ಕಪ್ಪ, ನೋಯಿಸುವ ಉದ್ದೇಶ ನನಗಿರಲಿಲ್ಲ. ಆದರೆ ಸುಳ್ಳು ಬಂದದ್ದು ಗುಂಪಿಗೆ, ಉತ್ತರವೂ ಗುಂಪಿನಲ್ಲಿಯೇ ಇರಬೇಕು ಎಂಬುದು ನನ್ನ ನಿಲುವು. ಕೆಂಪು ಬಸ್ಸಿನ ಸಂಖ್ಯೆಯನ್ನು ಪ್ರಾಧಿಕಾರ ಅಲ್ಲಗಳೆದದ್ದು ಅದನ್ನು ನಂಬಿ ಮತ ಹಾಕಿದವರಲ್ಲಿ ಎಷ್ಟೋ ಮಂದಿಗೆ ತಲುಪಲೇ ಇಲ್ಲ.

ಅಂದು ರಾತ್ರಿ ಮತ್ತೆ ಯಾರೂ ಬರೆಯಲಿಲ್ಲ. ಉಳಿದದ್ದು ಮರುದಿನ ಬೆಳಗಿನದು.

ಅಕ್ಕ: ನಿನ್ನೆ ಮೇ ಅವರ ಸರ್ಕಾರದ ಮೇಲಿನ ಅವಿಶ್ವಾಸ ನಿರ್ಣಯ 325ಕ್ಕೆ 306 ಮತಗಳಿಂದ ಬಿದ್ದುಹೋಯಿತು. ಹಿಂದಿನ ದಿನ ಮೇ ಅವರ ಒಪ್ಪಂದವನ್ನು ತಿರಸ್ಕರಿಸಿದ ಅವರ ಪಕ್ಷದವರೇ ನಿನ್ನೆ ಅವರ ಸರ್ಕಾರವನ್ನು ಉಳಿಸಿದರು.

ಚಿಕ್ಕಪ್ಪ: ಹಾಗಾದರೆ ಹೊಸ ಅನುಮತಿ ಬೇಕಾದ ಭಾರತೀಯರು ಅಲ್ಲಿ ಒಬ್ಬರೂ ಇಲ್ಲವೇ, ಮಗು?

ಅಕ್ಕ: ಇದ್ದಾರೆ, ಚಿಕ್ಕಪ್ಪ. ಗೋವಾ 1961ರವರೆಗೆ ಪೋರ್ಚುಗಲ್ಲಿನ ಆಳ್ವಿಕೆಯಲ್ಲಿದ್ದುದರಿಂದ ಅಲ್ಲಿನ ಹಲವರು ಪೋರ್ಚುಗಲ್ ಪೌರತ್ವ ಪಡೆದು, ಐರೋಪ್ಯ ಪ್ರಜೆಗಳಾಗಿ ಸ್ವಿಂಡನ್ನಿಗೆ ಬಂದು ನೆಲೆಸಿದ್ದಾರೆ. ನಮ್ಮ ಪಕ್ಕದ ಮನೆಯವರೂ ಹಾಗೆಯೇ. ಕಾರವಾರದಲ್ಲಿ ಅವರಿಗೆ ನೆಂಟರಿದ್ದಾರೆ, ನನ್ನೊಂದಿಗೆ ಕನ್ನಡದಲ್ಲಿಯೇ ಮಾತನಾಡುತ್ತಾರೆ. ಅಂಥವರು ಮುಂದೆಯೂ ಇಲ್ಲಿ ನೆಲೆಸಲು ಸಲ್ಲಿಸಬೇಕಾದ ಅರ್ಜಿ ಸೋಮವಾರ, 21ನೇ ತಾರೀಖು ಸಾರ್ವಜನಿಕರಿಗೆ ಪ್ರಾಯೋಗಿಕವಾಗಿ ತೆರೆಯುತ್ತದೆ. ವಯಸ್ಕರಿಗೆ 65 ಪೌಂಡ್ ಶುಲ್ಕ, 16 ವರ್ಷದೊಳಗಿನವರಿಗೆ ಅದರ ಅರ್ಧ. ಪಾಸ್‌ಪೋರ್ಟನ್ನು ಪರಿಶೀಲಿಸುವ ಆ್ಯಪ್ ಆಂಡ್ರಾಯ್ಡ್ ಫೋನಿನಲ್ಲಿ ಮಾತ್ರ ನಡೆಯುತ್ತದೆ, ಅವರ ಮನೆಯಲ್ಲಿರುವುದೆಲ್ಲ ಐಫೋನ್.

ಭಾವ: ನನ್ನ ಫೋನ್ ಆಂಡ್ರಾಯ್ಡ್. ಸೋಮವಾರ ಸಂಜೆ ಕೆಲಸದಿಂದ ಬಂದ ಮೇಲೆ ಅವರ ಮನೆಗೆ ಹೋಗುತ್ತೇನೆ. ಮಕ್ಕಳ ಪಾಸ್‌ಪೋರ್ಟುಗಳನ್ನೂ ತೆಗೆದಿಡಲು ಹೇಳು, ಪ್ರತಿಯೊಬ್ಬರಿಗೂ ಬೇರೆ ಬೇರೆ ಅರ್ಜಿ ಬೇಕು.